ಲಂಡನ್ನಿನ ಪೌರಸೇವಕ ಹರ್ಬರ್ಟ್ ಮಾರಿಸನ್

ದೊಡ್ಡವರ ಜೀವನಚರಿತ್ರೆಗಳನ್ನು ಓದಲು ಕುಳಿತಾಗ ನಮ್ಮ ಮನಸ್ಸು ರಣರಂಗಕ್ಕೆ, ಸೆರೆಮನೆಗೆ, ಪಾರ್ಲಿಮೆಂಟಿನ ಸಭಾಂಗಣಕ್ಕೆ ತಾನಾಗಿಯೇ ಓಡುತ್ತದೆ. ಬೀದಿದೀಪ, ಚರಂಡಿ, ಸೇತುವೆ, ಬಸ್ಸಿನ ನಿಲ್ದಾಣ ಇವುಗಳ ಬಳಿ ಅದು ನಿಲ್ಲುವುದಿಲ್ಲ. ನಗರಸಭೆಯ ಸದಸ್ಯರೆಂದರಂತೂ ನಮಗೆ ಒಂದು ಬಗೆಯ ನಗೆ. ಚುನಾವಣೆಯಲ್ಲಿ ಕೈಮುಗಿದು ಬರುವವರು, ಆಮೇಲೆ ಕೈಗೆ ಸಿಗದವರು ಎಂದು ಹೇಳಿ ಮುಗಿಸುತ್ತೇವೆ. ನಾನು ರಾಜ್ಯಶಾಸ್ತ್ರದ ವಿದ್ಯಾರ್ಥಿ. ಸ್ಥಳೀಯ ಸ್ವರಾಜ್ಯವೆಂಬುದು ಪರೀಕ್ಷೆಯ ಹಿಂದಿನ ರಾತ್ರಿ ಓದಿ ಮರುದಿನ ಸಂಜೆಯೊಳಗೆ ಮರೆಯತಕ್ಕ ಅಧ್ಯಾಯವೆಂದು ನಮ್ಮ ತರಗತಿಯಲ್ಲಿ ಪ್ರಸಿದ್ಧವಾಗಿದೆ. ಆ ಅಧ್ಯಾಯಕ್ಕೆ ಜೀವ ತುಂಬಬಲ್ಲ ಒಬ್ಬ ಮನುಷ್ಯನ ಕಥೆಯನ್ನು ಈ ಸಂಚಿಕೆಯಲ್ಲಿ ಹೇಳಬೇಕೆಂದು ನನಗೆ ಆಸೆ. ಆತ ಬ್ರಿಟನ್ನಿನ ಗೃಹಮಂತ್ರಿಯಾಗಿದ್ದವನು, ಉಪಪ್ರಧಾನಿಯಾಗಿದ್ದವನು. ಆದರೂ ಆತನ ನಿಜವಾದ ಕರ್ಮಭೂಮಿ ಲಂಡನ್ನಿನ ಬೀದಿ.

ಹರ್ಬರ್ಟ್ ಮಾರಿಸನ್ 1888ನೆಯ ಇಸವಿ ಜನವರಿ 3ರಂದು ದಕ್ಷಿಣ ಲಂಡನ್ನಿನಲ್ಲಿ ಹುಟ್ಟಿದನು. ತಂದೆ ಒಬ್ಬ ಸಾಮಾನ್ಯ ಪೋಲೀಸ್ ಪೇದೆ, ಕನ್ಸರ್ವೆಟಿವ್ ಪಕ್ಷದ ಅಭಿಮಾನಿ, ಸ್ವಲ್ಪ ಪಾನಪ್ರಿಯ. ತಾಯಿ ಮದುವೆಗೆ ಮುಂಚೆ ಸಿರಿವಂತರ ಮನೆಯಲ್ಲಿ ಕೆಲಸಕ್ಕಿದ್ದವಳು. ಏಳು ಮಕ್ಕಳಲ್ಲಿ ಈತನೇ ಕಡೆಯವನು. ಹುಟ್ಟಿದ ಕೆಲವೇ ದಿನಗಳಲ್ಲಿ ಕಣ್ಣಿಗೆ ಸೋಂಕು ತಗುಲಿ ಬಲಗಣ್ಣಿನ ದೃಷ್ಟಿ ಪೂರ್ತಿ ಹೋಯಿತು. ಲಂಡನ್ನಿನ ವಾಹನ ಸಂಚಾರವನ್ನು ಮುಂದೆ ತಿದ್ದಿದವನು ಅದನ್ನೆಲ್ಲ ನೋಡಿದ್ದು ಒಂದೇ ಕಣ್ಣಿನಿಂದ.

ಹದಿನಾಲ್ಕನೆಯ ವಯಸ್ಸಿಗೆ ಶಾಲೆ ಮುಗಿಯಿತು. ಬಡವರ ಮಕ್ಕಳಿಗೆ ಆಗ ಅಷ್ಟೇ ವಿದ್ಯೆ. ಅಂಗಡಿಯ ಸಾಮಾನು ಮನೆಮನೆಗೆ ತಲುಪಿಸುವ ಹುಡುಗನಾಗಿ, ಕಿರಾಣಿ ಅಂಗಡಿಯ ಗುಮಾಸ್ತನಾಗಿ, ಬಿಯರ್ ತಯಾರಿಸುವ ಒಂದು ಕಾರ್ಖಾನೆಯಲ್ಲಿ ಟೆಲಿಫೋನ್ ಸಂಪರ್ಕ ಜೋಡಿಸುವವನಾಗಿ ದುಡಿದನು. ಈ ಕಾಲದ್ದೊಂದು ಸಂಗತಿ ನನಗೆ ಬಹಳ ಹಿಡಿಸಿತು. ಬೀದಿಯಲ್ಲಿ ತಲೆಯ ಆಕಾರ ನೋಡಿ ಗುಣ ಹೇಳುವ ಒಬ್ಬನಿಗೆ ಹುಡುಗ ಆರು ಪೆನ್ನಿ ಕೊಟ್ಟು ತಲೆಯೊಡ್ಡಿದನಂತೆ. ಆತ ತಲೆ ಸವರಿ, ಏನು ಓದುತ್ತೀಯೆ ಎಂದು ಕೇಳಿದನು. ಹುಡುಗ ಓದುತ್ತಿದ್ದುದು ಕಾಸಿಗೆ ಕೊಸರಿಗೆ ಸಿಗುವ ರೋಮಾಂಚಕ ಕಥೆಗಳು. ಅದನ್ನು ಬಿಟ್ಟು ಚರಿತ್ರೆ, ಅರ್ಥಶಾಸ್ತ್ರ ಓದು ಎಂದು ಬುದ್ಧಿ ಹೇಳಿ ಕಳುಹಿಸಿದನು. ಮಾರಿಸನ್ ಹಾಗೆಯೇ ಮಾಡಿದನು. ತಲೆ ನೋಡುವ ಶಾಸ್ತ್ರ ಶುದ್ಧ ಸುಳ್ಳೆಂದು ಈಗ ಎಲ್ಲರೂ ಬಲ್ಲರು. ಆದರೆ ಆರು ಪೆನ್ನಿಗೆ ಅದಕ್ಕಿಂತ ಒಳ್ಳೆಯ ಸಲಹೆ ಬೇರೆಲ್ಲಿಯಾದರೂ ಸಿಕ್ಕೀತೆ?

ಓದು ಆತನನ್ನು ಸಮಾಜವಾದಕ್ಕೆ ಕರೆದೊಯ್ದಿತು. 1915ರಲ್ಲಿ ಲಂಡನ್ ಲೇಬರ್ ಪಕ್ಷದ ಕಾರ್ಯದರ್ಶಿಯಾದವನು 1947ರವರೆಗೂ ಆ ಸ್ಥಾನವನ್ನು ಬಿಡಲಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಆತ ಯುದ್ಧವಿರೋಧಿ. ಕುರುಡುಗಣ್ಣೊಂದೇ ಸೈನ್ಯದಿಂದ ಬಿಡುಗಡೆ ಕೊಡಿಸಲು ಸಾಕಾಗಿತ್ತು. ಆದರೂ ತತ್ತ್ವವನ್ನೇ ಮುಂದಿಟ್ಟು, ಸೈನ್ಯಸೇವೆಗೆ ಬದಲಾಗಿ ಲೆಚ್‌ವರ್ತ್ ಎಂಬ ಉದ್ಯಾನನಗರಿಯ ತೋಟವೊಂದರಲ್ಲಿ ಕೂಲಿಗೆ ದುಡಿದನು. ಅಗಲವಾದ ಬೀದಿಗಳೂ ಮನೆಗೊಂದು ತೋಟವೂ ಇದ್ದ ಆ ಊರು ಲಂಡನ್ನಿನ ಇಕ್ಕಟ್ಟಿನಲ್ಲಿ ಬೆಳೆದವನಿಗೆ ಹೇಗೆ ಕಂಡಿರಬೇಕೆಂದು ನಾವು ಊಹಿಸಬಹುದು.

ಯುದ್ಧ ಮುಗಿದ ಮೇಲೆ 1920ರಲ್ಲಿ ಹ್ಯಾಕ್ನಿ ಎಂಬ ಬಡಾವಣೆಯ ಮೇಯರ್ ಆದನು. 1922ರಲ್ಲಿ ಪೂರ್ವ ವುಲಿಚ್ ಕ್ಷೇತ್ರದಿಂದ ಲಂಡನ್ ಕೌಂಟಿ ಕೌನ್ಸಿಲಿಗೆ ಆರಿಸಿ ಬಂದನು. ಈ ಕೌನ್ಸಿಲ್ ಎಂದರೆ ನಮ್ಮ ಕಾರ್ಪೊರೇಷನ್ನಿನ ಹಾಗೆ. ಆದರೆ ಪ್ರಮಾಣ ಬೇರೆ. ಸುಮಾರು 117 ಚದರ ಮೈಲಿಯ ಪ್ರದೇಶ, ಸುಮಾರು 44 ಲಕ್ಷ ಜನ. ಶಾಲೆ, ಆಸ್ಪತ್ರೆ, ಅಗ್ನಿಶಾಮಕ ದಳ, ಸೇತುವೆ, ಟ್ರಾಂ ಗಾಡಿ ಎಲ್ಲವೂ ಅದರ ಹೊಣೆ.

ಆಗ ಲಂಡನ್ನಿನ ಬೀದಿಗಳ ಸ್ಥಿತಿ ಹೇಗಿತ್ತೆಂಬುದನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು. ಅದಿಲ್ಲದೆ ಈತನ ಹೋರಾಟ ತಿಳಿಯದು. ನೆಲದೊಳಗಿನ ರೈಲುಗಳಲ್ಲಿ ಬಹುಪಾಲೂ, ಅತಿ ದೊಡ್ಡ ಬಸ್ ಕಂಪನಿಯೂ, ಕೆಲವು ಟ್ರಾಂ ಮಾರ್ಗಗಳೂ ಒಂದೇ ಖಾಸಗಿ ಕೂಟದ ಕೈಯಲ್ಲಿದ್ದುವು. ಅದರ ಮುಖ್ಯಸ್ಥ ಲಾರ್ಡ್ ಆಷ್‌ಫೀಲ್ಡ್. ರೈಲಿನಲ್ಲಿ ಆಗುವ ನಷ್ಟವನ್ನು ಬಸ್ಸಿನ ಲಾಭದಿಂದ ತುಂಬಿಕೊಳ್ಳುವುದು ಈ ಕೂಟದ ರೀತಿ. ಕೌಂಟಿ ಕೌನ್ಸಿಲಿಗೆ ತನ್ನದೇ ಆದ ಟ್ರಾಂ ಗಾಡಿಗಳು. ಇವೆರಡರ ನಡುವೆ 1922ರ ಆಗಸ್ಟಿನಿಂದ ಚಿಕ್ಕ ಚಿಕ್ಕ ಮಾಲೀಕರ ಬಸ್ಸುಗಳು ನುಗ್ಗಿದುವು. ಜನ ಇವನ್ನು ಕಡಲುಗಳ್ಳರೆಂದೇ ಕರೆದರು. ಎಲ್ಲಿ ಜನಸಂದಣಿಯೋ ಅಲ್ಲಿ, ಯಾವ ಹೊತ್ತಿಗೆ ಲಾಭವೋ ಆ ಹೊತ್ತಿಗೆ ಇವು ಓಡುತ್ತಿದ್ದುವು. ಮುಂದಿನ ನಿಲ್ದಾಣದಲ್ಲಿ ಹೆಚ್ಚು ಜನ ಕಂಡರೆ ಇನ್ನೊಂದು ಬಸ್ಸಿನೊಡನೆ ಪಂದ್ಯ. ಎದುರು ದಿಕ್ಕಿನಲ್ಲಿ ಜನ ಹೆಚ್ಚಿದ್ದರೆ ಇದ್ದವರನ್ನು ನಡುದಾರಿಯಲ್ಲಿಯೇ ಇಳಿಸಿ ಹಿಂದಿರುಗುವುದೂ ಉಂಟು. ಸಂಜೆ ತಡವಾದ ಮೇಲೆ, ಊರಿನ ಅಂಚಿನ ಬಡಾವಣೆಗಳಿಗೆ, ಒಂದೂ ಇಲ್ಲ. ಹಳ್ಳಿಯಿಂದ ಕಾಲೇಜಿಗೆ ಬರುವ ನಮ್ಮಲ್ಲಿ ಕೆಲವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಪರೀಕ್ಷೆಯ ದಿನ ಖಾಸಗಿ ಬಸ್ಸೊಂದು ನನ್ನನ್ನೂ ಇನ್ನು ಹನ್ನೆರಡು ಜನರನ್ನೂ ದಾರಿಯಲ್ಲಿಳಿಸಿ ಮದುವೆಯ ದಿಬ್ಬಣ ಹತ್ತಿಸಿಕೊಂಡು ಹೋದುದನ್ನು ನಾನು ಇನ್ನೂ ಮರೆತಿಲ್ಲ.

1924ರಲ್ಲಿ ಈ ಗೊಂದಲವನ್ನು ಹತೋಟಿಗೆ ತರಲು ಒಂದು ಮಸೂದೆ ಬಂದಿತು. ತಂದದ್ದು ಲೇಬರ್ ಪಕ್ಷದ ಸರ್ಕಾರವೇ. ಮಾರಿಸನ್ ಆಗ ಅದೇ ಪಕ್ಷದ ಹೊಸ ಪಾರ್ಲಿಮೆಂಟ್ ಸದಸ್ಯ. ಆದರೂ ಎದ್ದು ನಿಂತು ತನ್ನವರ ಮಸೂದೆಯನ್ನೇ ಖಂಡಿಸಿದನು. ಇದರಿಂದ ಪೈಪೋಟಿ ತಗ್ಗೀತು, ಆದರೆ ತಗ್ಗಿದ ಪೈಪೋಟಿಯ ಲಾಭ ಪ್ರಯಾಣಿಕನಿಗಲ್ಲ, ಖಾಸಗಿ ಕೂಟಕ್ಕೆ ಸೇರೀತೆಂಬುದು ಆತನ ಆಕ್ಷೇಪಣೆ. ಪೈಪೋಟಿ ಕೆಟ್ಟದ್ದೆಂದು ಆತನೂ ಒಪ್ಪಿದ್ದನು. ಎಲ್ಲ ವಾಹನಗಳೂ ಒಂದೇ ಆಡಳಿತಕ್ಕೆ ಬರಬೇಕೆಂಬುದೂ ಆತನ ಇಷ್ಟವೇ. ಆ ಆಡಳಿತದ ಒಡೆಯರು ಯಾರು ಎಂಬ ಒಂದೇ ಪ್ರಶ್ನೆಯನ್ನು ಆತ ಬಿಡದೆ ಕೇಳಿದನು.

1928ರಲ್ಲಿ ಈ ಪ್ರಶ್ನೆ ಇನ್ನೂ ಹರಿತವಾಯಿತು. ಕೌಂಟಿ ಕೌನ್ಸಿಲಿನಲ್ಲಿ ಅಧಿಕಾರದಲ್ಲಿದ್ದ ಎದುರು ಪಕ್ಷದವರು ಆಷ್‌ಫೀಲ್ಡನ ಕೂಟದೊಡನೆ ಕೈಗೂಡಿಸಿ, ಕೌನ್ಸಿಲಿನ ಟ್ರಾಂಗಳನ್ನೂ ಕೂಟದ ವಾಹನಗಳನ್ನೂ ಒಂದೇ ಆಡಳಿತದಡಿ ತರುವ ಜೋಡಿ ಮಸೂದೆಗಳನ್ನು ಪಾರ್ಲಿಮೆಂಟಿಗೆ ಒಯ್ದರು. ಹೊರನೋಟಕ್ಕೆ ಒಳ್ಳೆಯ ಏರ್ಪಾಡು. ಆದರೆ ಜನರ ತೆರಿಗೆಯ ಹಣದಿಂದ ಕಟ್ಟಿದ ಟ್ರಾಂ ಮಾರ್ಗಗಳ ಮೇಲಿನ ಹಿಡಿತ ಖಾಸಗಿಯವರಿಗೆ ಹೋಗುತ್ತಿತ್ತು. ಮಾರಿಸನ್ ಸಭೆ ಸೇರಿಸಿದನು, ಕರಪತ್ರ ಹಂಚಿದನು, ಸಮಿತಿಗಳೆದುರು ವಾದಿಸಿದನು. ಮಸೂದೆಗಳು ಆದರೂ ಮುಂದೆ ಸಾಗಿದುವು. ಅಷ್ಟರಲ್ಲಿ 1929ರ ಚುನಾವಣೆ ಬಂದು, ಲೇಬರ್ ಪಕ್ಷ ಸರ್ಕಾರ ರಚಿಸಿ, ಸಾರಿಗೆ ಮಂತ್ರಿಯ ಸ್ಥಾನ ದೊರೆತದ್ದು ಯಾರಿಗೆ? ಇದೇ ಮಾರಿಸನ್ನನಿಗೆ. ಮಸೂದೆಗಳು ಅಲ್ಲಿಗೆ ಸತ್ತುವು.

ಮಂತ್ರಿಯಾಗಿ ಆತ ಮಾಡಿದ ಮೊದಲನೆಯ ದೊಡ್ಡ ಕೆಲಸ 1930ರ ರಸ್ತೆ ಸಂಚಾರ ಕಾಯಿದೆ. ಆ ವರ್ಷ ಬ್ರಿಟನ್ನಿನ ರಸ್ತೆಗಳಲ್ಲಿ 7000ಕ್ಕೂ ಹೆಚ್ಚು ಜನ ಸತ್ತರು. ವಾಹನ ಬಡಿದು ಸತ್ತ ಬಡವನ ಹೆಂಡತಿಮಕ್ಕಳಿಗೆ ನ್ಯಾಯಾಲಯ ಪರಿಹಾರ ಕೊಡಿಸಿದರೂ ಕೊಡುವವನ ಬಳಿ ಹಣವಿಲ್ಲದೆ ಹೋಗುತ್ತಿತ್ತು. ಆದ್ದರಿಂದ ಪ್ರತಿಯೊಂದು ವಾಹನಕ್ಕೂ ಮೂರನೆಯ ವ್ಯಕ್ತಿಯ ಪರವಾಗಿ ವಿಮೆ ಮಾಡಿಸುವುದನ್ನು ಕಾಯಿದೆ ಕಡ್ಡಾಯ ಮಾಡಿತು. ಬಸ್ಸುಗಳಿಗೆ ಪರವಾನೆ ಕೊಡಲು ಸಂಚಾರ ಕಮಿಷನರುಗಳು ಬಂದರು. ರಸ್ತೆಯ ನಡವಳಿಕೆಯನ್ನು ತಿಳಿಸುವ ಹೈವೇ ಕೋಡ್ ಎಂಬ ಪುಸ್ತಿಕೆ 1931ರಲ್ಲಿ ಒಂದು ಪೆನ್ನಿಯ ಬೆಲೆಗೆ ಹೊರಟಿತು. ನಮ್ಮ ದೇಶದ 1939ರ ಮೋಟಾರು ವಾಹನ ಕಾಯಿದೆಯ ವಿಮೆಯ ಅಧ್ಯಾಯ ಈ ಇಂಗ್ಲಿಷ್ ಕಾಯಿದೆಯನ್ನು ನೋಡಿಯೇ ಬರೆದದ್ದು. 1946ರ ಜುಲೈ 1ರಿಂದ ಅದು ಇಲ್ಲಿ ಜಾರಿಗೆ ಬಂದಿತು. 1988ರಲ್ಲಿ ಹೊಸ ಕಾಯಿದೆ ಬಂದರೂ ತತ್ತ್ವ ಬದಲಾಗಿಲ್ಲ. ನಮ್ಮ ಕಾಲೇಜಿನ ಮುಂದೆ ಸಾಲಾಗಿ ನಿಲ್ಲುವ ಮೋಟಾರ್ ಸೈಕಲ್ಲುಗಳ ವಿಮಾಪತ್ರದ ವಂಶಾವಳಿಯನ್ನು ಹಿಡಿದು ಹೊರಟರೆ ಲಂಡನ್ನಿನ ಈ ಪೋಲೀಸ್ ಪೇದೆಯ ಮಗನ ಮೇಜಿಗೆ ಹೋಗಿ ಮುಟ್ಟುತ್ತೇವೆ.

ಅದೇ ಕಾಯಿದೆಯಲ್ಲಿ ಒಂದು ದೋಷವೂ ಇತ್ತು. ಅದನ್ನು ಮುಚ್ಚಿಡುವುದು ಸರಿಯಲ್ಲ. ಕಾರುಗಳಿಗೆ ಅದುವರೆಗೆ ಇದ್ದ ಗಂಟೆಗೆ 20 ಮೈಲಿಯ ಮಿತಿಯನ್ನು ಅದು ತೆಗೆದುಹಾಕಿತು. ಯಾರೂ ಪಾಲಿಸದ ನಿಯಮ ಇದ್ದೂ ವ್ಯರ್ಥವೆಂಬುದು ವಾದ. ಸಾವುಗಳು ನಿಲ್ಲಲಿಲ್ಲ. 1934ರಲ್ಲಿ ಇನ್ನೊಂದು ಕಾಯಿದೆ ತಂದು, ಜನವಸತಿಯ ಬೀದಿಗಳಿಗೆ 30 ಮೈಲಿಯ ಮಿತಿಯನ್ನು ವಿಧಿಸಬೇಕಾಯಿತು.

ಇನ್ನು ಆ ಹಳೆಯ ಪ್ರಶ್ನೆ, ಒಡೆಯರು ಯಾರು? ಟ್ರಾಂ, ಬಸ್ಸು ಎಲ್ಲವೂ ಕೌಂಟಿ ಕೌನ್ಸಿಲಿನದೇ ಆಗಲಿ ಎಂದು ಮಾರಿಸನ್ ಮೊದಲು ಬಯಸಿದ್ದನು. ಆದರೆ ಜನ ದಿನವೂ ಓಡಾಡುವ ಲಂಡನ್ ಸುಮಾರು 2000 ಚದರ ಮೈಲಿಗೆ ಹರಡಿತ್ತು. ಕೌನ್ಸಿಲಿನ ಗಡಿಯೋ 117 ಚದರ ಮೈಲಿ. ಗಡಿ ಬಂದಿತೆಂದು ಬಸ್ಸನ್ನು ನಿಲ್ಲಿಸಲಾದೀತೆ? ಸರ್ಕಾರದ ಇಲಾಖೆಯೊಂದಕ್ಕೆ ಒಪ್ಪಿಸಿದರೆ ಕಡತಗಳ ರಾಶಿಯಲ್ಲಿ ಬಸ್ಸು ಸಿಕ್ಕಿಕೊಂಡೀತು. ಆಗ ಆತ ಆರಿಸಿದ ದಾರಿ ಸಾರ್ವಜನಿಕ ನಿಗಮ. ಆಸ್ತಿ ಜನರದು. ಲಾಭಕ್ಕಾಗಿ ಅಲ್ಲ, ಸೇವೆಗಾಗಿ ನಡೆಯತಕ್ಕದ್ದು. ದಿನದಿನದ ಆಡಳಿತ ಬಲ್ಲವರ ಕೈಯಲ್ಲಿ, ಮಂತ್ರಿಯ ಕೈ ಅದರಲ್ಲಿ ಆಡಕೂಡದು. ಅಂಥ ಬಸ್ ನಿಗಮಗಳನ್ನು ನಾವೂ ಕಂಡಿದ್ದೇವೆ. 1950ರ ರಸ್ತೆ ಸಾರಿಗೆ ನಿಗಮಗಳ ಕಾಯಿದೆಯ ಮೇರೆಗೆ 1961ರಲ್ಲಿ ಹುಟ್ಟಿದ ಮೈಸೂರು ರಾಜ್ಯ ರಸ್ತೆ ಸಾರಿಗೆ ನಿಗಮ ಅದೇ ಜಾತಿಯದು. ಮಂತ್ರಿಯ ಕೈ ಅದರಲ್ಲಿ ಎಷ್ಟು ಆಡಬೇಕೆಂಬ ಚರ್ಚೆ ನಮ್ಮಲ್ಲಿಯೂ ಮುಗಿದಿಲ್ಲ.

ಸ್ವಾರಸ್ಯವೆಂದರೆ, ಈ ಯೋಜನೆಯಲ್ಲಿ ಮಾರಿಸನ್ನನಿಗೆ ಅತ್ಯಂತ ನೆರವಾದವನು ಹಳೆಯ ಎದುರಾಳಿ ಆಷ್‌ಫೀಲ್ಡನೇ. ಇಬ್ಬರೂ ಕುಳಿತು ಮಾತನಾಡಿದರು. ಆಷ್‌ಫೀಲ್ಡ್ ತನ್ನ ಷೇರುದಾರರನ್ನು ಒಪ್ಪಿಸಿದನು. 1931ರ ಮಾರ್ಚಿಯಲ್ಲಿ ಮಸೂದೆ ಪಾರ್ಲಿಮೆಂಟಿನೆದುರು ಬಂದಿತು. ಆಗಸ್ಟಿನಲ್ಲಿ ಸರ್ಕಾರ ಬಿದ್ದಿತು, ಅಕ್ಟೋಬರಿನಲ್ಲಿ ಮಾರಿಸನ್ ತನ್ನ ಕ್ಷೇತ್ರವನ್ನೂ ಕಳೆದುಕೊಂಡನು. ಆದರೆ ಮಸೂದೆ ಎಷ್ಟು ಗಟ್ಟಿಯಾಗಿತ್ತೆಂದರೆ ಎದುರು ಪಕ್ಷದವರೇ ತುಂಬಿದ್ದ ಮುಂದಿನ ಸರ್ಕಾರ ಕೆಲವು ತಿದ್ದುಪಡಿ ಮಾಡಿ ಅದನ್ನೇ ಅಂಗೀಕರಿಸಿತು. 1933ರ ಜುಲೈ 1ರಂದು ಲಂಡನ್ ಪ್ರಯಾಣಿಕ ಸಾರಿಗೆ ಮಂಡಳಿ ಕೆಲಸಕ್ಕೆ ತೊಡಗಿತು. ಐದು ರೈಲ್ವೆ ಕಂಪನಿ, ಹದಿನೇಳು ಟ್ರಾಂ ಸಂಸ್ಥೆ, 60ಕ್ಕೂ ಮಿಕ್ಕಿದ ಬಸ್ ಕಂಪನಿಗಳು ಅದರಲ್ಲಿ ಕರಗಿದುವು. ಮೊದಲ ಅಧ್ಯಕ್ಷ ಆಷ್‌ಫೀಲ್ಡ್. ಮಸೂದೆ ಬರೆದವನು ಅಂದು ಪಾರ್ಲಿಮೆಂಟಿನ ಹೊರಗಿದ್ದನು.

ಈ ಮಂಡಳಿಯ ವಿಷಯದಲ್ಲಿ ಆತನಿಗೂ ಸಾರಿಗೆ ಕಾರ್ಮಿಕರ ನಾಯಕ ಅರ್ನೆಸ್ಟ್ ಬೆವಿನ್ನನಿಗೂ ಬಿದ್ದ ಜಗಳ ಜೀವಮಾನವೆಲ್ಲ ಮುಗಿಯಲಿಲ್ಲ. ಮಂಡಳಿಯಲ್ಲಿ ಕಾರ್ಮಿಕ ಸಂಘಕ್ಕೆ ಸ್ಥಾನ ಬೇಕೆಂದು ಬೆವಿನ್ ಹಟ ಹಿಡಿದನು. ಸದಸ್ಯರನ್ನು ಯೋಗ್ಯತೆ ನೋಡಿ ಆರಿಸಬೇಕು, ಯಾವ ಪಂಗಡದ ಪ್ರತಿನಿಧಿಯೆಂದಲ್ಲ ಎಂದು ಮಾರಿಸನ್ ಒಪ್ಪಲಿಲ್ಲ. ನನ್ನ ಸೋದರಮಾವ ಮೂವತ್ತು ವರ್ಷ ಬಸ್ ಕಂಡಕ್ಟರರಾಗಿದ್ದವರು. ಈ ವಾದವನ್ನು ಅವರ ಮುಂದಿಟ್ಟಾಗ ಅವರು ತಡಮಾಡದೆ ಬೆವಿನ್ನನ ಪಕ್ಷ ಹಿಡಿದರು. ಯಾವ ತಿರುವಿನಲ್ಲಿ ಬಸ್ಸು ನಿಲ್ಲಬೇಕೆಂಬುದು ಟಿಕೆಟು ಹರಿದವನಿಗೆ ಗೊತ್ತೋ ಕುರ್ಚಿಯಲ್ಲಿ ಕುಳಿತವನಿಗೆ ಗೊತ್ತೋ ಎಂದು ನನ್ನನ್ನೇ ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಮಾರಿಸನ್ನನ ಬಳಿ ಇದ್ದ ಉತ್ತರವೂ ನನಗೆ ಪೂರ್ತಿ ಒಪ್ಪಿಗೆಯಾಗಿಲ್ಲ.

1934ರ ಮಾರ್ಚಿಯಲ್ಲಿ ಲೇಬರ್ ಪಕ್ಷ ಮೊಟ್ಟಮೊದಲ ಬಾರಿಗೆ ಕೌಂಟಿ ಕೌನ್ಸಿಲನ್ನು ಗೆದ್ದಿತು. ಮಾರಿಸನ್ ಅದರ ನಾಯಕನಾದನು. ಬಂದವನೇ ಕೈಹಾಕಿದ್ದು ವಾಟರ್ಲೂ ಸೇತುವೆಗೆ. ಇದು ಆತನ ಜೀವನದಲ್ಲಿ ನನ್ನನ್ನು ಬಹಳ ಕಾಡಿದ ಪ್ರಸಂಗ.

ಥೇಮ್ಸ್ ನದಿಯ ಮೇಲಿನ ಈ ಸೇತುವೆಯನ್ನು ಜಾನ್ ರೆನ್ನಿ ಎಂಬ ಎಂಜಿನಿಯರ್ ಕಟ್ಟಿದ್ದನು. 1817ರಲ್ಲಿ ತೆರೆಯಿತು. ಒಂಬತ್ತು ಕಮಾನುಗಳ ಕಲ್ಲಿನ ಸೇತುವೆ, ಯೂರೋಪಿನಲ್ಲಿಯೇ ಚೆಲುವಾದುದೆಂದು ಹೆಸರಾದದ್ದು. ಮೋನೆ ಎಂಬ ಫ್ರೆಂಚ್ ಚಿತ್ರಕಾರ ಮಂಜಿನಲ್ಲಿ ಮುಳುಗಿದ ಅದರ ಕಮಾನುಗಳನ್ನು ಮತ್ತೆ ಮತ್ತೆ ಚಿತ್ರಿಸಿದ್ದಾನೆ. ಆದರೆ 1923ರ ಹೊತ್ತಿಗೆ ಕಂಬಗಳು ಕುಸಿಯತೊಡಗಿದುವು. ಪಕ್ಕದಲ್ಲಿ ತಾತ್ಕಾಲಿಕವಾಗಿ ಉಕ್ಕಿನ ಸೇತುವೆಯೊಂದನ್ನು ನಿಲ್ಲಿಸಿದರು. ಕೆಡವಿ ಹೊಸದು ಕಟ್ಟಬೇಕೆಂದು ಕೌನ್ಸಿಲ್, ದುರಸ್ತಿ ಮಾಡಿ ಉಳಿಸಬೇಕೆಂದು ಕಲಾವಿದರು, ವಾಸ್ತುಶಿಲ್ಪಿಗಳು. 1926ರಲ್ಲಿ ರಾಯಲ್ ಕಮಿಷನ್ ಸಹ ಉಳಿಸುವ ಕಡೆಗೇ ಸಲಹೆಯಿತ್ತಿತು. ಹತ್ತು ವರ್ಷ ವಾದ ನಡೆಯಿತು, ಸೇತುವೆ ಹಾಗೆಯೇ ಕುಸಿಯುತ್ತ ನಿಂತಿತು. ಹೊಸ ಸೇತುವೆಗೆ ಹಣ ಕೊಡಲು ಪಾರ್ಲಿಮೆಂಟು ಒಪ್ಪಲಿಲ್ಲ.

ಮಾರಿಸನ್ ಯಾರ ಅಪ್ಪಣೆಗೂ ಕಾಯಲಿಲ್ಲ. 1934ರ ಜೂನ್ 21ರಂದು ತಾನೇ ಸೇತುವೆಯ ಮೇಲೆ ನಿಂತು ಮೊದಲನೆಯ ಕಲ್ಲನ್ನು ಕಿತ್ತನು. ಸಾಲ ಎತ್ತಲು ಪಾರ್ಲಿಮೆಂಟು ಅನುಮತಿ ಕೊಡದಿದ್ದರೆ ಬೇಡ, ಲಂಡನ್ನಿನವರ ಮನೆತೆರಿಗೆಯಿಂದಲೇ ಕಟ್ಟುತ್ತೇವೆಂದು ಹೊರಟನು. ಕೆಲವು ವರ್ಷಗಳಲ್ಲಿ ಪಾರ್ಲಿಮೆಂಟು ಮಣಿಯಿತು, ಸರ್ಕಾರದ ಸಹಾಯಧನವೂ ಬಂದಿತು. ಗೈಲ್ಸ್ ಗಿಲ್ಬರ್ಟ್ ಸ್ಕಾಟನು ರೂಪಿಸಿದ, ಐದೇ ಹಾರಿನ, ಆರು ಸಾಲು ವಾಹನ ಸಾಗಬಲ್ಲ ಹೊಸ ಸೇತುವೆ ನಿಂತಿತು. ಹಳೆಯದರ ಅಗಲ 42 ಅಡಿ, ಹೊಸದು ಹೆಚ್ಚುಕಡಿಮೆ ಅದರ ಎರಡರಷ್ಟು.

ಊರಿನ ಆಡಳಿತ ಊರಿನವರದೇ ಎಂದು ತೋರಿಸಿಕೊಟ್ಟದ್ದಕ್ಕಾಗಿ ಆತನನ್ನು ಮೆಚ್ಚುತ್ತೇನೆ. ದಿನಕ್ಕೆ ಸಾವಿರಾರು ಜನ ನದಿ ದಾಟಬೇಕಾದಾಗ ಮಂಜಿನ ಚೆಲುವನ್ನು ನೋಡುತ್ತ ಕೂರುವಂತಿಲ್ಲ ಎಂಬುದೂ ನಿಜವೇ. ಆದರೆ ನಮ್ಮ ಊರಿನ ರಸ್ತೆ ಅಗಲ ಮಾಡಲು ನೂರು ವರ್ಷದ ಸಾಲುಮರಗಳನ್ನು ಎರಡೇ ದಿನಗಳಲ್ಲಿ ಉರುಳಿಸಿದುದನ್ನು ಕಂಡ ಮೇಲೆ, ಕಲ್ಲು ಕೀಳುವವನ ಮುಖದಲ್ಲಿ ಅಷ್ಟೊಂದು ಉತ್ಸಾಹ ಬೇಕಿತ್ತೆ ಎಂದು ಕೇಳದಿರಲಾರೆ. ಕೆಡವುವುದು ಅನಿವಾರ್ಯವಾಗಿದ್ದರೂ ಸ್ವಲ್ಪ ದುಃಖದಿಂದ ಕೆಡವಬಹುದಾಗಿತ್ತು.

ಇದೇ ಸೇತುವೆಯ ಕಥೆಗೆ ಇನ್ನೊಂದು ತುಣುಕು ಇದೆ. ಎರಡನೆಯ ಮಹಾಯುದ್ಧ ಬಂದು ಗಂಡಸರು ಸೈನ್ಯಕ್ಕೆ ಹೋದಾಗ ಸೇತುವೆಯ ಕೆಲಸಕ್ಕೆ ಹೆಂಗಸರು ಬಂದರು. ಕಲ್ಲು ಹೊತ್ತರು, ಕಾಂಕ್ರೀಟು ಕಲಸಿದರು, ಬೆಸುಗೆ ಹಾಕಿದರು. 1942ರಲ್ಲಿ ಎರಡು ಸಾಲು ವಾಹನಗಳಿಗೆ ದಾರಿ ತೆರೆಯಿತು. 1945ರ ಡಿಸೆಂಬರ್ 10ರಂದು ವಿಧ್ಯುಕ್ತವಾಗಿ ಉದ್ಘಾಟಿಸಲು ಬಂದವನು ಆಗ ಉಪಪ್ರಧಾನಿಯಾಗಿದ್ದ ಮಾರಿಸನ್. ಸೇತುವೆ ಕಟ್ಟಿದ ಗಂಡಸರ ಭಾಗ್ಯವನ್ನು ಹಾಡಿಹೊಗಳಿದನು. ಹೆಂಗಸರ ಹೆಸರೆತ್ತಲಿಲ್ಲ. ಥೇಮ್ಸ್ ನದಿಯ ದೋಣಿಯವರು ಮಾತ್ರ ಅದನ್ನು ಹೆಂಗಸರ ಸೇತುವೆಯೆಂದೇ ಕರೆಯುತ್ತ ಬಂದರು. ಅವರ ದುಡಿಮೆಯನ್ನು ಅಧಿಕೃತವಾಗಿ ನೆನೆಯಲು ಮತ್ತೆ ಹಲವು ದಶಕಗಳು ಬೇಕಾದುವು. ಪ್ರಯಾಣಿಕನಿಗಾಗಿ ಇಷ್ಟು ಹೋರಾಡಿದವನ ಕಣ್ಣಿಗೆ ಬೆವರು ಸುರಿಸಿದವರು ಕಾಣದೆ ಹೋದದ್ದು ಹೇಗೆ? ಬೆವಿನ್ನನ ಜಗಳವನ್ನು ನೆನೆದರೆ ಇದು ಅಷ್ಟು ಆಕಸ್ಮಿಕವೆಂದು ನನಗೆ ತೋರುವುದಿಲ್ಲ.

ಉಳಿದುದನ್ನು ಬೇಗ ಹೇಳುತ್ತೇನೆ. 1935ರಲ್ಲಿ ಊರಿನ ಸುತ್ತಣ ಹಸಿರು ಭೂಮಿಯನ್ನು ಕಟ್ಟಡಗಳಿಂದ ಉಳಿಸಲು ಕೌನ್ಸಿಲಿನಿಂದ 20 ಲಕ್ಷ ಪೌಂಡುಗಳ ಯೋಜನೆ ತಂದನು. ಅದೇ ವರ್ಷ ಪಕ್ಷದ ನಾಯಕತ್ವಕ್ಕೆ ನಿಂತು ಆಟ್ಲಿಯೆದುರು ಸೋತನು. ಯುದ್ಧಕಾಲದ ಗೃಹಮಂತ್ರಿಯಾಗಿ, ಮನೆಯೊಳಗೆ ಊಟದ ಮೇಜಿನಂತೆ ಇಡಬಹುದಾದ ಉಕ್ಕಿನ ಆಸರೆಯನ್ನು ಲಕ್ಷಾಂತರ ಮನೆಗಳಿಗೆ ಹಂಚಿಸಿದನು. ಅದಕ್ಕೆ ಆತನ ಹೆಸರೇ ಉಳಿದಿದೆ. 1955ರಲ್ಲಿ ಮತ್ತೆ ನಾಯಕತ್ವಕ್ಕೆ ಸ್ಪರ್ಧಿಸಿ ಗೈಟ್‌ಸ್ಕೆಲನೆದುರು ದಯನೀಯವಾಗಿ ಸೋತನು. 1959ರಲ್ಲಿ ಲಾರ್ಡ್ ಪದವಿ ಬಂದಿತು.

ಆ ಹೊತ್ತಿಗೆ ಲಂಡನ್ ಕೌಂಟಿ ಕೌನ್ಸಿಲನ್ನೇ ತೆಗೆದುಹಾಕಿ, ಅದಕ್ಕಿಂತ ವಿಶಾಲವಾದ ಹೊಸ ಕೌನ್ಸಿಲನ್ನು ಸ್ಥಾಪಿಸುವ ಯೋಜನೆ ಹೊರಟಿತ್ತು. ವಯಸ್ಸಾದ ಮಾರಿಸನ್ ಪ್ರಭುಗಳ ಸಭೆಯಲ್ಲಿ ಅದನ್ನು ವಿರೋಧಿಸಿದನು. ಬಸ್ಸಿಗೆ 117 ಚದರ ಮೈಲಿ ಸಾಲದೆಂದು ಒಮ್ಮೆ ವಾದಿಸಿದ್ದವನೇ ಈಗ ಆ 117 ಚದರ ಮೈಲಿಯ ಕೌನ್ಸಿಲಿಗಾಗಿ ಹೋರಾಡಿದನು. ಮಸೂದೆ ಅಂಗೀಕಾರವಾಯಿತು. 1965ರ ಮಾರ್ಚಿ 6ರಂದು ಹರ್ಬರ್ಟ್ ಮಾರಿಸನ್ ತೀರಿಕೊಂಡನು. ಏಪ್ರಿಲ್ 1ರಂದು ಆತನ ಕೌನ್ಸಿಲೂ ಇಲ್ಲವಾಯಿತು.